ಉಗುರಿನಷ್ಟು ಹಸಿರು

ಡ್ರೋನ್ ತೆಗೆದ ಬೆಟ್ಟದ ಕಾಡಿನ ಚಿತ್ರದಲ್ಲಿ ಸುಮಾ ಮತ್ತೊಂದು ಬೋಳು ಮರದ ಮೇಲೆ ಕೆಂಪು ಚುಕ್ಕೆ ಇಟ್ಟಳು. ಕೆಂಪು ಎಂದರೆ ದುಂಬಿ ಕೊರೆದು ಸತ್ತ ಮರ. ಚುಕ್ಕೆ ಬಿದ್ದದ್ದನ್ನೆಲ್ಲ ಕಡಿಯುತ್ತಾರೆ.

“ಸಾರ್, ಇನ್ನೂ ಶಿವರಾತ್ರಿನೇ ಆಗಿಲ್ಲ. ಸುಮ್ಮನೆ ಎಲೆ ಉದುರಿಸಿ ನಿಂತಿರೋ ಮರಗಳೂ ಇದರಲ್ಲಿ ಸೇರ್ಕೊಂಡಿವೆ. ಚಿಗುರೋವರೆಗೂ ಕಾಯೋಣ,” ಎಂದು ಮತ್ತೆ ಹೇಳಿದಳು.

“ದುಂಬಿ ಮರ ಕೊರೀತು, ನೀವು ನನ್ನ ತಲೆ ಕೊರೀತಿದ್ದೀರ ಕಣ್ರೀ. ಸಂಜೆಯೊಳಗೆ ಕಳಿಸಿ,” ಎಂದ ಮ್ಯಾನೇಜರ್ ಸಾಗರ್.

ಅಷ್ಟರಲ್ಲಿ ವಿದ್ಯಾರಣ್ಯಪುರಂ ಮನೆಯಿಂದ ಅತ್ತೆ ಸಾಕಮ್ಮನ ಫೋನು. “ನಿನ್ನ ದೇವಕಣಗಿಲೆ ಒಣಗೋಯ್ತು ಕಣಮ್ಮ. ಕಿತ್ತಾಕ್ಬುಡ್ಲಾ?”

ಇವರಿಗೆಲ್ಲ ಕೀಳುವುದಕ್ಕೆ ಅದೇನು ಅವಸರವೋ! ಸುಮಾ ಹಲ್ಲು ಕಚ್ಚಿದಳು. “ಅತ್ತೆ, ಮೊದಲು ತೊಗಟೇನ ಉಗುರಲ್ಲಿ ಕೆರೆದು ನೋಡಿ.”

ಆ ಕಡೆ ಪರಪರ ಕೆರೆದ ಸದ್ದು. ಆಮೇಲೆ ಅತ್ತೆ ಮೆಲ್ಲಗೆ, “ಅಯ್ಯೋ, ಒಳಗೆ ಹಸಿರೈತೆ ಕಣೇ,” ಎಂದರು.

“ಕಳಿಸಿದ್ರಾ?” ಸಾಗರ್ ಕೂಗಿದ.

“ಕಳಿಸ್ತೀನಿ ಸಾರ್,” ಎಂದ ಸುಮಾ ಫೈಲು ಕಳಿಸದೆ ಮುಚ್ಚಿದಳು. ನಾಳೆ ಭಾನುವಾರ. ಆ ಬೆಟ್ಟಕ್ಕೆ ಹೋಗುವ ಮೊದಲ ಬಸ್ಸು ಹತ್ತಬೇಕು. ಅಲ್ಲಿಯವರೆಗೆ ಉಗುರು ಕತ್ತರಿಸುವುದಿಲ್ಲ.