ಇಪ್ಪತ್ತೊಂದು ಮೆಟ್ಟಿಲಾಚೆಯ ಊರು

ಶನಿವಾರ ಬೆಳಿಗ್ಗೆ ಗೋದಾ ಮನೆಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬ್ಯಾಗು ಹೆಗಲಿಗೇರಿಸಿ ಪ್ರವಾಸಕ್ಕೆ ಹೊರಟಳು. ಗ್ಯಾಸ್ ಆರಿಸಿಯಾಗಿತ್ತು, ತುಳಸಿಗೆ ನೀರು ಹಾಕಿಯಾಗಿತ್ತು, ಎರಡು ದಿನದ ಹಾಲಿನ ಪ್ಯಾಕೆಟ್ ನೀವೇ ತೆಗೆದುಕೊಂಡುಬಿಡಿ ಎಂದು ಎದುರುಮನೆಯ ಫಖ್ರುನ್ನೀಸಾಗೆ ಹೇಳಿಯಾಗಿತ್ತು. ಆಕೆ ಗೇಟಿನ ಹತ್ತಿರ ನಿಂತು, "ಹುಷಾರಾಗಿ ಹೋಗ್ಬನ್ನಿ, ದಾರೀಲಿ ಏನೂ ತಿನ್ಬೇಡಿ," ಎಂದು ನಗದೆ ಹೇಳಿದಳು. ದಾರಿ ಎಂದರೆ ಇಪ್ಪತ್ತೊಂದು ಮೆಟ್ಟಿಲು. ಊರು ಎಂದರೆ ಅಬ್ಬಿಗೆರೆಯಲ್ಲಿ ಗೋದಾ ಈಗಷ್ಟೇ ಬೀಗ ಹಾಕಿದ ಮನೆಯದೇ ತಾರಸಿ ಮೇಲಿದ್ದ ಶೀಟಿನ ಕೋಣೆ.

ಬೆಟ್ಟದ ಬುಡದಲ್ಲೋ ಹೊಳೆಯ ದಂಡೆಯಲ್ಲೋ ರಜೆಗೊಂದು ಮನೆ ಮಾಡುವ ಯೋಗ ತಮಗಿಲ್ಲ ಎಂದು ಖಾತ್ರಿಯಾದ ಮೇಲೆ ಗಂಡ ಹೆಂಡತಿ ಸೇರಿ ಹೂಡಿದ ಆಟವಿದು. ಬಾಡಿಗೆಗಿದ್ದವರು ಖಾಲಿ ಮಾಡಿ ಹೋದ ಕೋಣೆಯನ್ನು ಬದರೀನಾಥ ಮೂರು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ತಾನೇ ರಿಪೇರಿ ಮಾಡಿದ್ದ. ಪೀಣ್ಯದ ಕಾರ್ಖಾನೆಯಲ್ಲಿ ಪಳಗಿದ ಕೈ. ಸುಮ್ಮನೆ ಕೂರುವುದು ಅದಕ್ಕೆ ಗೊತ್ತೇ ಇಲ್ಲ. ಕಿಟಕಿ ಗೊರಗುಂಟೆಪಾಳ್ಯದ ಗುಜರಿಯದು. ಗೋಡೆಗೆ ಅವರಿವರ ಮನೆಯಲ್ಲಿ ಮಿಕ್ಕಿದ್ದ ಮೂರು ಡಬ್ಬಿ ಬಣ್ಣ ಬೆರೆಸಿ ಬಳಿದಿದ್ದ. ಹುಟ್ಟಿದ ಬಣ್ಣಕ್ಕೆ ಯಾವ ಕಂಪನಿಯೂ ಹೆಸರಿಟ್ಟಿರಲಿಕ್ಕಿಲ್ಲ, ಆದರೂ ಗೋದಾಗೆ ಅದು ಬೆಳಗಿನ ಜಾವದ ಆಕಾಶದಂತೆಯೇ ಕಂಡಿತ್ತು. ಕಡೆಯ ಎರಡು ವಾರ ಅವಳನ್ನು ಮೇಲಕ್ಕೇ ಬಿಟ್ಟಿರಲಿಲ್ಲ. ಒಂದು ದಿನ ಮಾತ್ರ ಟೇಪು ಹಿಡಿದು ಬಂದು, ಅವಳನ್ನು ನೆಟ್ಟಗೆ ನಿಲ್ಲಿಸಿ, ನೆಲದಿಂದ ಸೊಂಟದವರೆಗೆ ಅಳತೆ ತೆಗೆದುಕೊಂಡು ಹೋಗಿದ್ದ.

ಇನ್ನೇನು ಬೇಕು ಹೇಳು ಎಂದು ಅವನು ಮೊದಲೇ ಕೇಳಿದ್ದುಂಟು. ಏನೂ ಬೇಡ, ಕೂತು ನೋಡೋಕೆ ಒಂದು ಕಿಟಕಿ ಸಾಕು ಎಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ನಿಜವಾಗಿಯೂ ಅಷ್ಟೇ. ಹೊರಗಿನ ಊಟ ಮುಟ್ಟದ ಮನೆತನ. ಮದುವೆಯಾದಂದಿನಿಂದ ಅವಳು ಹೋದ ಊರಿಗೆಲ್ಲ ಒಲೆ ಅವಳಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ನಾದಿನಿಯ ಮನೆಯಲ್ಲಿ, ತಿರುಪತಿಯ ಛತ್ರದಲ್ಲಿ, ಕಡೆಗೆ ಒಂದು ಸಲ ಮೇಲುಕೋಟೆಯ ಕೊಳದ ಪಕ್ಕದ ಜಗಲಿಯ ಮೇಲೂ. ಎರಡೇ ಎರಡು ದಿನ ಒಲೆಯ ಮುಂದೆ ನಿಲ್ಲದಿದ್ದರೆ ತಾನು ಹೇಗಿರುತ್ತೇನೆ ಎಂದು ಅವಳಿಗೆ ನೋಡಬೇಕಿತ್ತು. ಅದಕ್ಕೇ ಹಿಂದಿನ ದಿನವೇ ಪುಳಿಯೋಗರೆ, ಚಪಾತಿ, ಕೋಡುಬಳೆ ಎಲ್ಲ ಮಾಡಿ ಡಬ್ಬಿಗೆ ತುಂಬಿದ್ದಳು. ಕಾಫಿಯಿಲ್ಲದೆ ತಲೆನೋವು ಬಂದರೆ ಬರಲಿ ಎಂದುಕೊಂಡಿದ್ದಳು.

ಮೇಲೆ ಬದರೀನಾಥ ಬಾಗಿಲು ತೆರೆದು ಪಕ್ಕಕ್ಕೆ ನಿಂತ. ಕಿಟಕಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಎರಡು ಕಟ್ಟಡಗಳ ಸಂದಿಯಲ್ಲಿ ಕೆರೆ, ಒಣಹಾಕಿದ ಟವಲಿನಷ್ಟಗಲ, ಬಿಸಿಲಿಗೆ ಹೊಳೆಯುತ್ತಿತ್ತು. ಕಿಟಕಿಯ ಕೆಳಗೆ, ಗೋಡೆಯುದ್ದಕ್ಕೂ, ಕರಿ ಗ್ರಾನೈಟಿನ ಅಡುಗೆ ಕಟ್ಟೆ. ಪಕ್ಕದ ಕಟ್ಟಡದವರ ಹತ್ತಿರ ಮಿಕ್ಕ ಕಲ್ಲನ್ನು ಕೇಳಿ ತಂದು, ಸೀರೆ ಸಿಕ್ಕಿಕೊಳ್ಳದಿರಲೆಂದು ಅಂಚನ್ನೆಲ್ಲ ಉಜ್ಜಿ ದುಂಡಗೆ ಮಾಡಿದ್ದ. ಕಟ್ಟೆಯ ಕೆಳಗೆ ಸಣ್ಣ ಸಿಲಿಂಡರೂ ಬಂದಾಗಿತ್ತು.

"ನಿನ್ನ ಎತ್ತರಕ್ಕೇ ಕೂರ್ಸಿದೀನಿ, ಬಗ್ಗೋ ಹಂಗೇ ಇಲ್ಲ," ಎಂದ. "ಅಡುಗೆ ಮಾಡ್ತಾ ಮಾಡ್ತಾ ಕೆರೆ ನೋಡ್ಬಹುದು ಗೋದಾ."

ಏನೂ ಬೇಡ ಎಂದರೆ ಏನೋ ಬೇಕು ಎಂದು ಇಷ್ಟು ವರ್ಷದ ಸಂಸಾರ ಅವನಿಗೆ ಕಲಿಸಿತ್ತು. ಪಾಪ, ಈ ಒಂದು ಸಲ ಕಲಿತದ್ದು ಕೈಕೊಟ್ಟಿತ್ತು. ಗೋದಾಗೆ ಅಳು ಬಂತು. ಆದರೆ ಅವನ ಉಗುರುಗಳಲ್ಲಿ ಇನ್ನೂ ಸಿಮೆಂಟು ಕಚ್ಚಿಕೊಂಡಿತ್ತು, ಬೈಯಲು ಬಾಯಿ ಬರಲಿಲ್ಲ. ಮೊದಲ ಕಾಫಿ ಇಲ್ಲೇ ಆಗಲಿ ಎಂದು ಅವನು ಅವಳ ಕೈಯಿಂದ ಬೀಗದ ಕೀ ಇಸಿದುಕೊಂಡು ಒಲೆ ತರಲು ಕೆಳಗೆ ಓಡಿದ.

ಅವಳು ಕಟ್ಟೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ಹಾಲು ಉಕ್ಕುತ್ತದೆ, ಒರೆಸುವ ಬಟ್ಟೆ ಬರುತ್ತದೆ, ಈ ಊರೂ ಕೆಳಗಿನ ಊರೇ ಆಗಿಹೋಗುತ್ತದೆ. ಪಕ್ಕದ ಮನೆಯ ಟ್ಯಾಂಕು ತುಂಬಿ ಸುರಿಯುವ ಸದ್ದು ಎಲ್ಲೋ ಹಳ್ಳ ಹರಿದ ಹಾಗೆ ಕೇಳಿಸುತ್ತಿತ್ತು. ಮೂಲೆಯಲ್ಲಿದ್ದ ಖಾಲಿ ಬಣ್ಣದ ಬಕೆಟ್ ಮಗುಚಿ, ಅದರ ಮೇಲೆ ಕಾಲಿಟ್ಟು, ಗೋದಾ ಕಟ್ಟೆಯೇರಿ ಕೂತಳು. ಕಾಲು ಮಡಿಸಿ, ಕಿಟಕಿಯ ಸರಳಿಗೆ ತಲೆ ಆನಿಸಿದಳು. ಕೆರೆಯಿಂದ ಬೆಳ್ಳಕ್ಕಿಗಳು ಏಳುತ್ತಿದ್ದವು. ನೋಡುತ್ತ ನೋಡುತ್ತ ಎರಡು ಕಟ್ಟಡಗಳೂ ಹಿಂದಕ್ಕೆ ಸರಿದು, ಕೋಣೆಯೇ ರೈಲಿನಂತೆ ಮೆಲ್ಲಗೆ ಹೊರಟಿತು. ಯಾವ ಊರಿಗೆ ಎಂದು ಅವಳು ಕೇಳಿಕೊಳ್ಳಲಿಲ್ಲ.

ಬದರೀನಾಥ ಎರಡೂ ಕೈಯಲ್ಲಿ ಒಲೆ ಹಿಡಿದು ಏದುಸಿರು ಬಿಡುತ್ತ ಬಂದ. ಕಟ್ಟೆಯ ನಟ್ಟನಡುವೆ ಹೆಂಡತಿ. ಇದನ್ನ ಎಲ್ಲಿಡ್ಲಿ ಎಂದು ಕೇಳಿದ.

"ನಾವು ಊರಲ್ಲಿಲ್ಲ ಕಣ್ರೀ," ಎಂದಳು ಅವಳು, ಕೆರೆಯಿಂದ ಕಣ್ಣು ತೆಗೆಯದೆ. "ಕಾಫಿ ಊರಿಂದ ಬಂದ್ಮೇಲೆ."

ಅವನು ಮಗುಚಿದ ಬಕೆಟ್ ನೋಡಿದ, ಅವಳ ಮುಖ ನೋಡಿದ. ಅವಳು ಒಂದಿಷ್ಟು ಆಚೆ ಸರಿದಳು. ಒಲೆಗೆ ಜಾಗ ಬಿಟ್ಟಳೆಂದು ಅವನು ಮುಂದೆ ಬಂದರೆ, ಅಲ್ಲಿ ಅಂಗೈ ಇಟ್ಟು ತಡೆದಳು.

"ಇಲ್ಲಿ ನೀವು ಕೂತ್ಕೊಳ್ಳಿ."

ಹತ್ತು ಗಂಟೆಗೆ ಬಟ್ಟೆ ಒಣಹಾಕಲು ತನ್ನ ತಾರಸಿ ಹತ್ತಿದ ಫಖ್ರುನ್ನೀಸಾ, ಊರಿಗೆ ಹೋದವರು ತಲುಪಿದರೋ ಇಲ್ಲವೋ ಎಂದು ಇತ್ತ ಕಣ್ಣು ಹಾಯಿಸಿದಳು. ಶೀಟಿನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಹೊರಗೆ ಎರಡು ಜೊತೆ ಚಪ್ಪಲಿಗಳ ಪಕ್ಕದಲ್ಲಿ ಒಲೆ ಕೂತಿತ್ತು.