ಮಹಡಿ ಹತ್ತಿದವಳು

ಸುಟ್ಟ ವಾಸನೆ ಮೊದಲು ಬಡಿದದ್ದು ಅಕ್ಕನ ಮೂಗಿಗೆ. ಹೊಲಿಗೆ ಮಿಷನ್ನು ಬಿಟ್ಟು ಧಾವಿಸಿ ಬಂದು ಅವಳು ಇಸ್ತ್ರಿಪೆಟ್ಟಿಗೆ ಎತ್ತುವಷ್ಟರಲ್ಲಿ, ಸಂಜೆ ಕೊಡಬೇಕಿದ್ದ ವಕೀಲರ ಕೋಟಿನ ಲೈನಿಂಗ್ ಮೇಲೆ ಪೆಟ್ಟಿಗೆಯ ಅಚ್ಚು ಕಂದಾಗಿ ಮೂಡಿತ್ತು. ಪಕ್ಕದಲ್ಲೇ ನಿಂತಿದ್ದ ತಂಗಿಯ ಎರಡೂ ಹೆಬ್ಬೆರಳು ಮೊಬೈಲಿನ ಮೇಲೆ ಓಡುತ್ತಿದ್ದವು.

“ಮುಗೀತು! ವಕೀಲರು ಬಂದ್ರೆ ಏನಂತ ಹೇಳ್ಲಿ? ನಮ್ಮ ತಂಗಿ ಕಥೆ ಬರೀತಿದ್ಲು, ನಿಮ್ಮ ಕೋಟು ಅಡ್ಡ ಬಂತು ಅಂತ ಹೇಳ್ಲಾ?”

“ಒಂದೇ ಒಂದು ಸಾಲು ಕಣಕ್ಕ. ಹೊಳೀತು, ಬರ್ಕೊಂಡೆ.”

ಪುಣ್ಯಕ್ಕೆ ಹೊರಬಟ್ಟೆಗೆ ಏನೂ ಆಗಿರಲಿಲ್ಲ. ಅಕ್ಕ ಬ್ಲೇಡು ತೆಗೆದುಕೊಂಡು, ಗೊಣಗುತ್ತಲೇ ಲೈನಿಂಗ್‌ನ ಹೊಲಿಗೆ ಬಿಚ್ಚತೊಡಗಿದಳು. ತಂಗಿ ತುಟಿ ಕಚ್ಚಿಕೊಂಡು ಎದುರಿಗೆ ಕೂತು ದಾರದ ಚೂರು ಹೆಕ್ಕಿದಳು. ಬೈಗುಳ ಅವಳಿಗೆ ಹೊಸದಲ್ಲ. ಅವಳಿಗೂ ತಲೆ ಚಿಟ್ಟು ಹಿಡಿದಿತ್ತು. ಆನ್‌ಲೈನ್‌ನಲ್ಲಿ ಕಥೆ ಬರೆದು ಹಾಕಿದ ಮೇಲೆ ಓದುವವರಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಒಂದೇ, ಮುಂದಿನ ಭಾಗ ಯಾವಾಗ ಅಂತ. ಉಳಿದವರು ತಪ್ಪು ಹುಡುಕುತ್ತಾರೆ. ಈಚೆಗೊಬ್ಬ ಮಹಾಶಯನಂತೂ ಇಡೀ ಅಧ್ಯಾಯವನ್ನು ಎತ್ತಿ ತನ್ನದೆಂದು ಹಾಕಿಕೊಂಡಿದ್ದ.

“ದುಡ್ಡು ಕೊಡ್ತಾರಾ?” ಅಕ್ಕ ತಲೆ ಎತ್ತದೆ ಕೇಳಿದಳು.

“ಇಲ್ಲ.”

“ಹೋಗ್ಲಿ, ಹೆಸರಾದ್ರೂ ಬರುತ್ತಾ?”

“ನನ್ನ ಹೆಸರು ಹಾಕ್ಕೊಳ್ಳಲ್ಲ. ‘ಕಿತ್ತ ಗುಂಡಿ’ ಅಂತ ಹಾಕ್ಕೊಂಡಿದೀನಿ.”

“ಸರಿಹೋಯ್ತು. ಯಾರೋ ಬರೆದ ಟೀವಿ ಧಾರಾವಾಹಿ, ಯಾರೋ ಹುಟ್ಟಿಸಿದ ಜನ. ಅದೂ ಮುಗಿದು ಎಷ್ಟು ಕಾಲ ಆಯ್ತು! ನಿಂಗ್ಯಾಕೆ ಬೇಕು ಅದನ್ನ ಮುಂದುವರಿಸೋ ಉಸಾಬರಿ?”

ತಂಗಿ ಕೈಯಲ್ಲಿದ್ದ ದಾರದ ಉಂಡೆಯನ್ನು ಬುಟ್ಟಿಗೆ ಎಸೆದಳು. “ಸಿಟ್ಟು ಬರುತ್ತೆ ಅಕ್ಕ, ಅದಕ್ಕೆ! ನಾಯಕಿಯ ದೊಡ್ಡಕ್ಕ ಒಗೆದ ಬಟ್ಟೆ ಬಕೆಟ್ ಹಿಡ್ಕೊಂಡು ಮಹಡಿ ಹತ್ತಿದ್ಲು. ಅಷ್ಟೇ, ಇಳಿದು ಬರ್ಲೇ ಇಲ್ಲ. ಆ ನಟಿಗೆ ಬೇರೆ ಕೆಲಸ ಸಿಕ್ತಂತೆ. ಆಮೇಲೆ ಮದುವೆ ಆಯ್ತು, ಕೋರ್ಟು ಕಚೇರಿ ಆಯ್ತು, ಮಗು ಕಳೆದು ಸಿಕ್ತು. ಅಕ್ಕ ಎಲ್ಲಿ ಅಂತ ಆ ಮನೇಲಿ ಒಂದು ನರಪಿಳ್ಳೆನೂ ಕೇಳ್ಲಿಲ್ಲ. ಯಾರಾದ್ರೂ ಒಬ್ರು ಅವಳನ್ನ ಕೆಳಗೆ ಇಳಿಸ್ಬೇಕಲ್ಲ?”

ಅಕ್ಕನ ಬ್ಲೇಡು ಒಂದು ಕ್ಷಣ ನಿಂತು ಮತ್ತೆ ಹೊರಟಿತು. “ಎಲ್ಲಿ, ಓದು. ಕೋಟು ಸುಟ್ಟ ಸಾಲು ಎಂಥದ್ದು ಅಂತ ನಾನೂ ಕೇಳ್ತೀನಿ.”

ತಂಗಿ ಗಂಟಲು ಸರಿಪಡಿಸಿಕೊಂಡು ಓದಿದಳು. ಹಿಂಬಾಗಿಲಿನಿಂದ ತಪ್ಪಿಸಿಕೊಂಡ ದೊಡ್ಡಕ್ಕ ಕಡಲ ತೀರದ ಊರು ಸೇರಿದ್ದಳು, ನಾವಿಕನೊಬ್ಬನ ಕೈ ಹಿಡಿದಿದ್ದಳು. ಕೊನೆಯ ಸಾಲು ಬಂತು: “ಕಿಟಕಿ ತೆರೆದಳು. ಹಿಂದೆ ಬಿಟ್ಟುಬಂದ ಯಾರ ಮುಖವೂ ಅವಳಿಗೆ ನೆನಪಾಗಲಿಲ್ಲ.”

“ಸುಳ್ಳು.”

“ಕಥೆ ಕಣಕ್ಕ.”

“ಕಥೆ ಅಂದ್ರೆ ಬಾಯಿಗೆ ಬಂದ ಹಾಗೆ ಬರೆಯೋದಾ? ಅವಳು ಮಹಡಿ ಹತ್ತಿದ ವಾರ ಅವಳ ತಂಗಿಗೆ ಪರೀಕ್ಷೆ ಇತ್ತು. ಅಪ್ಪ ಹಾಸಿಗೆ ಹಿಡಿದಿದ್ರು. ಅಂಥ ಹೊತ್ತಲ್ಲಿ ಎಲ್ಲಾರನ್ನೂ ಬಿಟ್ಟು ನಾವಿಕನ ಹಿಂದೆ ಓಡ್ತಾಳಾ ಅವಳು? ಬುದ್ಧಿ ಎಲ್ಲಿಟ್ಟಿದ್ದೀಯ?”

ತಂಗಿ ಮೊಬೈಲಿನಿಂದ ತಲೆ ಎತ್ತಿದಳು. ಧಾರಾವಾಹಿ ಬರುವ ಹೊತ್ತಿಗೆ ಅಕ್ಕ ಯಾವಾಗಲೂ ಟೀವಿಗೆ ಬೆನ್ನು ಹಾಕಿ ಮಿಷನ್ ತುಳಿಯುತ್ತಿದ್ದಳು. ಅಮ್ಮ ಹೋದಂದಿನಿಂದ ಅವಳು ಆ ಜಾಗ ಬಿಟ್ಟು ಎದ್ದದ್ದೇ ಕಡಿಮೆ.

“ನೀನು ನೋಡ್ತಿದ್ಯಾ?”

“ನೋಡೋಕೆ ಪುರುಸೊತ್ತು ಎಲ್ಲಿತ್ತು? ಕೇಳಿಸ್ತಿತ್ತು.”

“ಅವಳು ಒಂದು ಸಲಾನಾದ್ರೂ ಸುಖವಾಗಿರ್ಲಿ ಅಂತ ನಾನು ಒದ್ದಾಡ್ತಿದೀನಿ, ನೀನು ಅದಕ್ಕೂ ಕೊಂಕು ತೆಗಿ!” ತಂಗಿಗೆ ರೇಗಿಹೋಯಿತು. ಓದುವವರ ಕಾಟ ಸಾಲದೆಂದು ಮನೆಯಲ್ಲೂ ಇದೇ ಕಾಟ. “ಅಷ್ಟು ಗೊತ್ತಿದ್ರೆ ನೀನೇ ಹೇಳು. ಅವಳು ಎಲ್ಲಿ ಹೋದ್ಲು?”

ಅಕ್ಕ ಸುಟ್ಟ ಲೈನಿಂಗನ್ನು ಕೋಟಿನಿಂದ ಬಿಡಿಸಿ ಪಕ್ಕಕ್ಕೆ ಇಟ್ಟಳು. ಹೊಸ ಬಟ್ಟೆ ಹಾಸಿ ಅಂಗೈಯಿಂದ ಸವರಿದಳು. ಅಳತೆಯ ಟೇಪು ಹಿಡಿದೇ ಮಾತಾಡಿದಳು, ಈ ಸಲ ದನಿ ಏರಿಸದೆ.

“ಎಲ್ಲೂ ಹೋಗ್ಲಿಲ್ಲ ಕಣೇ. ಬಟ್ಟೆ ಒಣಗಹಾಕಿ ಇಳಿದು ಬಂದ್ಲು. ಅಡುಗೆ ಮಾಡಿದ್ಲು, ಎಲ್ಲಾರಿಗೂ ಬಡಿಸಿದ್ಲು, ಪಾತ್ರೆ ತೊಳೆದ್ಲು. ಮದುವೆ ದಿನಾನೂ ಅದೇ ಮನೇಲೇ ಇದ್ಲು. ಯಾರೂ ಅವಳ ಕಡೆ ಕ್ಯಾಮೆರಾ ತಿರುಗಿಸ್ಲಿಲ್ಲ, ಅಷ್ಟೆ.”

ತಂಗಿ ಮೊಬೈಲು ಕೆಳಗಿಟ್ಟು ಅಕ್ಕನನ್ನು ನೋಡಿದಳು. ಅವಳ ಕನ್ನಡಕದ ಒಂದು ಕಡ್ಡಿಗೆ ಕರಿ ದಾರ ಬಿಗಿಯಾಗಿ ಸುತ್ತಿತ್ತು. ಅದು ಯಾವಾಗ ಮುರಿದದ್ದೋ ತಂಗಿಗೆ ಗೊತ್ತೇ ಇರಲಿಲ್ಲ.

“ನನ್ನ ಮುಖ ಏನ್ ನೋಡ್ತೀಯ?” ಅಕ್ಕ ರೇಗಿದಳು. “ಬರ್ಕೋ.”