ಬೇಲಿ ಕೂಡಿದವರು

ಕುರಿ ಹಿಲರಿಯನ್ನೇ ನೆಲಕ್ಕೆ ಕೆಡವಿ, ಅರ್ಧ ಕತ್ತರಿಸಿದ ಉಣ್ಣೆಯನ್ನು ಎಳೆದುಕೊಂಡು ಓಡಿತು. ಬೇಲಿಯಾಚೆ ನಿಂತಿದ್ದ ಪಕ್ಕದ ಹೊಲದ ವೆಲ್ಷ್ ಮುದುಕ ಎಮ್ಲಿನ್ ನಗು ನುಂಗಿಕೊಂಡ. ಇಷ್ಟು ವರ್ಷ ಉಣ್ಣೆ ಕತ್ತರಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಹಿಲರಿಗಿದು ಮೊದಲ ಬೇಸಿಗೆ. ಇನ್ನೂ ಎಂಬತ್ತು ಕುರಿಗಳ ಉಣ್ಣೆ ತೆಗೆಯಬೇಕು. ತಡವಾದರೆ ನೊಣ ಕೂತು, ಹುಳ ಬಿದ್ದು, ಕುರಿಗಳು ಸಾಯುತ್ತವೆ.

"ಒಬ್ಳೇ ಯಾಕಮ್ಮ ಒದ್ದಾಡ್ತೀಯ?"

"ಇಂಗ್ಲೆಂಡಿನೋಳ ನೆರವಿಗೆ ಯಾರು ಬರ್ತಾರೆ? ಇಲ್ಲಿಗೆ ಬಂದು ಆರು ವರ್ಷ ಆಯ್ತು, ನಿಮಗೆಲ್ಲ ನಾನಿನ್ನೂ ಪರದೇಶಿನೇ."

ಎಮ್ಲಿನ್‌ಗೆ ಚುರುಕ್ಕೆಂದಿತು. "ಪರದೇಶಿನಾ? ಅದು ನಿಮ್ಮೋರು ನಮಗಿಟ್ಟ ಹೆಸರು ಕಣಮ್ಮ! 'ವೆಲ್ಷ್' ಅಂದ್ರೆ ಅದೇ ಅರ್ಥ. ನಮ್ಮ ನೆಲಕ್ಕೇ ಬಂದು ನಮ್ಮನ್ನೇ ಪರದೇಶಿಗಳು ಅಂದ್ರು."

"ಮತ್ತೆ ನಿಮ್ಮನ್ನ ನೀವು ಏನಂತ ಕರ್ಕೋತೀರಿ?"

"ಕಮ್ರಿ. ಒಂದೇ ಸೀಮೆಯೋರು, ಬೇಲಿ ಕೂಡಿದೋರು ಅಂತ. ಯಾವ ರಕ್ತ ಅಂತ ಅದು ಕೇಳಲ್ಲ."

"ಹಾಗಾದ್ರೆ ನಿಮ್ಮ ಉಣ್ಣೆ ಕತ್ತರಿಸೋ ದಿನ ನನ್ನನ್ನ ಒಮ್ಮೆಯಾದ್ರೂ ಯಾಕೆ ಕರೀಲಿಲ್ಲ?"

"ಕರೆಯೋದಾ!" ಎಮ್ಲಿನ್ ಬೆರಗಾದ. "ನೆಂಟರನ್ನ ಕರೀತಾರೆ. ಉಣ್ಣೆ ಕತ್ತರಿಸೋಕೆ ಯಾರು ಯಾರನ್ನ ಕರೀತಾರೆ? ಸುಮ್ನೆ ಬರ್ತಾರೆ. ನೀನು ಬರಲಿಲ್ಲ, ಜಂಭ ಅಂದ್ಕೊಂಡ್ವಿ."

ಆರು ವರ್ಷ ಕರೆಗಾಗಿ ಕಾದು ಕೂತಿದ್ದವಳ ಮುಖ ನೋಡಿ ಮುದುಕನಿಗೆ ಸಂಕಟವಾಯಿತು. ಬಾ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಆದರೆ ಅಪ್ಪ, ಅಜ್ಜ ಯಾರೂ ಆಡದ ಮಾತು ಅದು. "ಗುರುವಾರ ನಮ್ಮಲ್ಲಿ ಕತ್ತರಿಸೋದು. ನಾನೇನೂ ಕರೀಲಿಲ್ಲ ನೋಡು," ಎಂದು ಸರಸರನೆ ನಡೆದ.

ಗುರುವಾರ ಬೆಳಿಗ್ಗೆಯಿಂದ ಅವನ ಕಣ್ಣೆಲ್ಲ ಗೇಟಿನ ಮೇಲೇ. "ಕತ್ತು ಉಳುಕೀತು ಕಣೋ," ಎಂದು ಅಕ್ಕ ಲೌರಿ ಛೇಡಿಸಿದಳು. ಒಂಬತ್ತರ ಹೊತ್ತಿಗೆ ಹಿಲರಿ ಬಂದಳು. ಯಾರನ್ನೂ ಕೇಳದೆ ಅಂಗಿ ತೋಳು ಮಡಚಿ, ಕತ್ತರಿಸಿದ ಉಣ್ಣೆ ಸುತ್ತಿಡಲು ಕೂತಳು. ಎಮ್ಲಿನ್ ಮನಸ್ಸು ಹಗುರವಾಯಿತು.

ಮಧ್ಯಾಹ್ನ ಕೆಲಸಕ್ಕೆ ಬಂದ ನೆರೆಯವರೆಲ್ಲ ಊಟಕ್ಕೆ ಎದ್ದಾಗ ಅವಳು ಕೈತೊಳೆದು ಮೆಲ್ಲಗೆ ಗೇಟಿನತ್ತ ಹೊರಟಳು. ಆ ಕಡೆ ಯಾರನ್ನೂ ಸ್ವಂತ ಹೆಸರಿಂದ ಕೂಗುವುದಿಲ್ಲ. ಅವರವರ ಹೊಲದ ಹೆಸರೇ ಅವರ ಹೆಸರು. ಲೌರಿ ಬಾಗಿಲಿಂದ ಕೂಗಿದಳು: "ಏ ಪಂತ್‌ಗ್ಲಾಸ್! ಸಾರು ಆರಿ ಹೋಗುತ್ತೆ!"

ಹಿಲರಿ ಗಾಬರಿಯಿಂದ ತನ್ನ ಪಂತ್‌ಗ್ಲಾಸ್ ಹೊಲದ ಕಡೆ ನೋಡಿದಳು, ಕುರಿ ಏನಾದರೂ ಬೇಲಿ ಹಾರಿತೋ ಎಂದು.

"ಅಲ್ಲೇನು ನೋಡ್ತೀಯೇ? ನಿನ್ನನ್ನೇ ಕರೆದಿದ್ದು!"

ಅವಳು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಎದುರಿದ್ದವನೊಬ್ಬ ಬ್ರೆಡ್ಡು ಮುರಿಯುತ್ತ ಕೇಳಿದ: "ಪಂತ್‌ಗ್ಲಾಸಲ್ಲಿ ಕತ್ತರಿಸೋದು ಯಾವತ್ತು?"

ಹಿಲರಿ ಕಣ್ಣೊರೆಸಿಕೊಂಡು ಎಮ್ಲಿನ್ ಕಡೆ ನೋಡಿದಳು.

"ಸೋಮವಾರ," ಎಂದಳು. "ನಾನೇನೂ ಯಾರನ್ನೂ ಕರೀತಿಲ್ಲ."